ಹತ್ತು ಹಾಳೆ, ಒಂದೇ ವಾಕ್ಯ

ಜನವರಿ ೯

ಬೋರ್ಡು,

ಮೂರು ವರ್ಷದ ಮೇಲೆ ಅಕ್ಕನ ಕಾಗದ ಬಂತೆಂದು ಕಣ್ಣಲ್ಲಿ ನೀರು ತಂದುಕೊಳ್ಳಬೇಡ. ಕೆಲಸವಿದೆ, ಅದಕ್ಕೆ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ನಾಲ್ಕು ಮಾತಾಡುವಷ್ಟರಲ್ಲಿ ನನ್ನ ದನಿ ಮೂಗಿಗೇರುತ್ತದೆ, ನಾಲಿಗೆ ಒದ್ದೆ ಬಟ್ಟೆಯ ಹಾಗೆ ಬಿದ್ದುಕೊಳ್ಳುತ್ತದೆ. ಇಪ್ಪತ್ತೆಂಟು ವರ್ಷ ಬಸ್ ನಿಲ್ದಾಣದ ಮೈಕಿನಲ್ಲಿ ಕೂಗಿದವಳು ನಾನು. ಈ ದನಿಯನ್ನು ಯಾರಿಗೂ ಕೇಳಿಸುವುದಿಲ್ಲ, ನಿನಗಂತೂ ಮೊದಲೇ ಇಲ್ಲ. ಮೊಬೈಲಿನ ಅಕ್ಷರಗಳು ಎರಡೆರಡಾಗಿ ಕಾಣುತ್ತವೆ. ಹಾಳೆಯಾದರೆ ಒಂದು ಕಣ್ಣು ಮುಚ್ಚಿಕೊಂಡು ದಪ್ಪಕ್ಷರದಲ್ಲಿ ಬರೆಯಬಹುದು.

“ಬೆಳಿಗ್ಗೆ ಚೆನ್ನಾಗಿರ್ತೀಯ, ಸಾಯಂಕಾಲ ಆಗ್ತಿದ್ದ ಹಾಗೆ ರೆಪ್ಪೆ ಇಳಿಬಿಡ್ತೀಯ. ಸಾಕು ನಿಲ್ಸಕ್ಕ ನಿನ್ ನಾಟಕ” ಅಂದಿದ್ದೆಯಲ್ಲ, ಆ ನಾಟಕಕ್ಕೆ ಉದ್ದದ್ದೊಂದು ಹೆಸರಿದೆ. ನರವು ಸ್ನಾಯುವಿಗೆ ಹೇಳಿ ಕಳಿಸುವ ಮಾತನ್ನು ನನ್ನ ರಕ್ತವೇ ನಡುದಾರಿಯಲ್ಲಿ ತಡೆಯುತ್ತದಂತೆ. ನನ್ನನ್ನು ಕಾಯಬೇಕಾದ ಕಣಗಳೇ ನನ್ನ ಮೇಲೆ ಬಿದ್ದಿವೆ. ಬೆಳಿಗ್ಗೆ ಸ್ವಲ್ಪ ಕಸುವಿರುತ್ತದೆ, ಬಳಸಿದಷ್ಟೂ ಖಾಲಿಯಾಗುತ್ತದೆ. ರೆಪ್ಪೆಗೆ ಅಂಟುಪಟ್ಟಿ ಅಂಟಿಸಿಕೊಂಡು ಒಂದು ವರ್ಷ ಕೆಲಸ ಮಾಡಿದೆ. ನೀರು ಕುಡಿದರೆ ಮೂಗಿನಿಂದ ಬರುತ್ತದೆ. ಓದಿ ಮುಖ ಸಿಂಡರಿಸಿದೆಯಾ? ನನಗೆ ಇದು ದಿನಕ್ಕೆ ಮೂರು ಹೊತ್ತು.

ಮಾತ್ರೆ ಆಯಿತು. ಮುಖ ಊದಿಸುವ ಔಷಧಿ ಆಯಿತು. ಕುತ್ತಿಗೆಗೆ ಕೊಳವೆ ಚುಚ್ಚಿ ರಕ್ತ ತೊಳೆದದ್ದೂ ಆಯಿತು. ಯಾವುದಕ್ಕೂ ಬಗ್ಗಲಿಲ್ಲ. ಈಗ ಇಲ್ಲಿಯ ದೊಡ್ಡಾಸ್ಪತ್ರೆಯಲ್ಲಿ ಹೊಸದೊಂದನ್ನು ಪರೀಕ್ಷಿಸುತ್ತಿದ್ದಾರೆ. ನನ್ನದೇ ಬಿಳಿ ರಕ್ತಕಣ ತೆಗೆದು, ಪ್ರಯೋಗಾಲಯದಲ್ಲಿ ಅದನ್ನು ತಿದ್ದಿ, ತಪ್ಪು ಮಾಡುತ್ತಿರುವ ಕಣಗಳನ್ನು ಹುಡುಕಿ ಕೊಲ್ಲುವುದನ್ನು ಕಲಿಸಿ, ವಾಪಸ್ಸು ಮೈಗೆ ಬಿಡುತ್ತಾರಂತೆ. ರಕ್ತದ ಕ್ಯಾನ್ಸರಿಗೆ ಇದನ್ನು ಕೊಡುವುದುಂಟು. ನಮ್ಮಂಥ ನರದ ರೋಗದವರಿಗೆ ಇನ್ನೂ ಪರೀಕ್ಷೆಯೇ. ಹನ್ನೆರಡು ಜನರನ್ನು ಆರಿಸಿದ್ದಾರೆ, ನಾನು ಒಂಬತ್ತನೆಯವಳು. ಹೆಸರಿಲ್ಲ, “ಒಂಬತ್ತು ಬಂದ್ರಾ?” ಅಂತ ಕೇಳುತ್ತಾರೆ. ಅವರು ಕೊಟ್ಟ ಪುಸ್ತಿಕೆಯ ಮುಖಪುಟದಲ್ಲಿ ಮುದುಕ ಮುದುಕಿ ಹಲ್ಲುಕಿರಿದುಕೊಂಡು ಸೈಕಲ್ ಹೊಡೆಯುತ್ತಿದ್ದಾರೆ. ಒಳಗೆ ನಮ್ಮನ್ನೆಲ್ಲ ‘ಹೋರಾಟಗಾರರು’ ಅಂದಿದ್ದಾರೆ. ಥೂ. ಜೊಲ್ಲು ಒರೆಸಿಕೊಳ್ಳುವುದು ಯಾವ ಹೋರಾಟವೋ.

ತುರ್ತಿನಲ್ಲಿ ಕರೆಯಬೇಕಾದವರು ಅನ್ನುವ ಕಡೆ ನಿನ್ನ ಹೆಸರು ಹಾಕಿದ್ದೇನೆ. ಬೇರೆ ಯಾರೂ ಇರಲಿಲ್ಲ, ಉಬ್ಬಬೇಡ. ಜೊತೆಗಿರುವ ಹಾಳೆಗೆ ಸಹಿ ಹಾಕಿ ಕಳಿಸು.

ಕಾಯುತ್ತಿರುವುದು ಸಹಿಗೆ ಮಾತ್ರ,
ಅಕ್ಕ


ಜನವರಿ ೧೩

ಅಕ್ಕಾ,

ಸಹಿ ಹಾಕಿದ್ದೇನೆ. ಎರಡು ಕಡೆ ಕೇಳಿದ್ದರು, ಮೂರು ಕಡೆ ಹಾಕಿದ್ದೇನೆ, ಇರಲಿ ಅಂತ.

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ನಾನು ಬರೆಯುವುದೆಲ್ಲ ಬೋರ್ಡು, ‘ಇಲ್ಲಿ ವಾಹನ ನಿಲ್ಲಿಸಬೇಡಿ’, ‘ಮೊದಲನೆಯ ಮಹಡಿಗೆ ದಾರಿ’. ಈಚೆಗೆ ಅದನ್ನೂ ಯಂತ್ರದಲ್ಲಿ ಕತ್ತರಿಸಿ ಅಂಟಿಸುತ್ತಾರೆ. ಆದರೂ ಕೈಬರಹವೇ ಬೇಕು ಅನ್ನುವ ಹುಚ್ಚರು ತಿಂಗಳಿಗೆ ನಾಲ್ಕು ಜನ ಸಿಗುತ್ತಾರೆ. ಒಂದು ಹೇಳಲಾ? ನಿನ್ನ ಅಕ್ಷರ ಕೆಟ್ಟಿಲ್ಲ. ಒಂದೇ ಕಣ್ಣಲ್ಲಿ ಬರೆದರೂ ಸಾಲು ನೆಟ್ಟಗಿದೆ, ಒತ್ತಕ್ಷರ ಅದರ ಜಾಗದಲ್ಲೇ ಕೂತಿದೆ.

ಇನ್ನೊಂದು. ಹೋದ ತಿಂಗಳು ನಿಮ್ಮ ನಿಲ್ದಾಣದಲ್ಲಿ ಬಸ್ ಬದಲಿಸಿದೆ. ಮೈಕಿನಲ್ಲಿ ನೀನು ಕೂಗುತ್ತಿದ್ದೆ, ಗಂಟೆ ಹೊಡೆದ ಹಾಗೆ. ಚೆನ್ನಾಗಿದ್ದಾಳೆ, ಕೆಲಸಕ್ಕೆ ವಾಪಸ್ಸಾಗಿದ್ದಾಳೆ ಅಂದುಕೊಂಡು ಹಾಗೇ ಹೋಗಿಬಿಟ್ಟೆ. ಮೇಲೆ ನಿನ್ನ ಮೈಕಿನ ಕೋಣೆಗೆ ಹತ್ತಿ ಬರಲೇ ಅಂತ ಒಂದು ಸಲ ಅನ್ನಿಸಿತ್ತು.

ಆರೋಗ್ಯ ನೋಡಿಕೋ ಅಂತ ಬರೆದರೆ ಬೈತೀಯ, ಬರೆಯುವುದಿಲ್ಲ.

ನಿನ್ನ ತಮ್ಮ


ಫೆಬ್ರವರಿ ೬

ಬೋರ್ಡು,

ನೀನು ಕೇಳಿದ್ದು ನಾನಲ್ಲ. ದನಿ ಕೈಕೊಡುತ್ತಿದೆ ಅಂತ ಗೊತ್ತಾದ ಮೇಲೆ, ದಿನಾ ಬೆಳಿಗ್ಗೆ ಮಾತ್ರೆ ನುಂಗಿ, ಕಸುವಿರುವ ಎರಡು ಗಂಟೆಯಲ್ಲಿ ಎಲ್ಲ ಮಾರ್ಗ, ಎಲ್ಲ ಸಂಖ್ಯೆ, ಎಲ್ಲ ವೇಳೆ ರೆಕಾರ್ಡ್ ಮಾಡಿಟ್ಟೆ. ‘ತಡವಾಗಿ ಹೊರಡಲಿದೆ, ಪ್ರಯಾಣಿಕರು ಸಹಕರಿಸಬೇಕು’ ಅನ್ನುವುದನ್ನು ಮೂರು ಬಗೆಯ ವಿನಯದಲ್ಲಿ ಹೇಳಿಟ್ಟೆ. ನಾನು ಮನೆಯಲ್ಲಿ ಬಿದ್ದುಕೊಂಡು ಎರಡು ವರ್ಷವಾಯಿತು, ಮೈಕಿನಲ್ಲಿ ಇನ್ನೂ ನಾನೇ. ನಾನು ಹೋದದ್ದು ಒಬ್ಬ ಪ್ರಯಾಣಿಕನಿಗೂ ಗೊತ್ತಿಲ್ಲ. ನಿನಗೇ ಗೊತ್ತಾಗಲಿಲ್ಲವಲ್ಲ.

ಇಲ್ಲಿಯ ಪರೀಕ್ಷೆಗಳ ಚಂದ ಕೇಳು. ಹನ್ನೆರಡು ಗಂಟೆ ಮಾತ್ರೆ ಬಿಟ್ಟು ಬರಬೇಕು. ಕೈ ನೆಟ್ಟಗೆ ಮುಂದೆ ಚಾಚಬೇಕು, ಎಷ್ಟು ಸೆಕೆಂಡಿಗೆ ಬೀಳುತ್ತದೆ ಅಂತ ಗಡಿಯಾರ ಹಿಡಿದುಕೊಂಡು ನೋಡುತ್ತಾರೆ. ಛಾವಣಿ ನೋಡಬೇಕು, ರೆಪ್ಪೆ ಯಾವಾಗ ಇಳಿಯುತ್ತದೆ ಅಂತ ಒಬ್ಬ ಹುಡುಗಿ ನನ್ನ ಮುಖಕ್ಕೆ ಮುಖ ತಂದು ಕಾಯುತ್ತಾಳೆ. ಕೊನೆಗೆ ಒಂದರಿಂದ ಐವತ್ತರವರೆಗೆ ಗಟ್ಟಿಯಾಗಿ ಎಣಿಸಬೇಕು. ಬಸ್ಸಿನ ನಂಬರು ಕೂಗಿಯೇ ಹೊಟ್ಟೆ ಹೊರೆದವಳು ನಾನು. ಹದಿನೇಳಕ್ಕೆ ನನ್ನ ದನಿ ಕೊಳಚೆಯಾಯಿತು. ಆ ಹುಡುಗಿ “ಗುಡ್, ತುಂಬಾ ಚೆನ್ನಾಗಿ ಮಾಡಿದ್ರಿ” ಅಂದಳು. ಚೆನ್ನಾಗಿ ಮಾಡಿದ್ದು ಅಂದರೆ ಕೆಟ್ಟದಾಗಿ ಮಾಡಿದ್ದು, ಹಾಗಾದರೇ ಒಳಗೆ ಸೇರಿಸಿಕೊಳ್ಳುತ್ತಾರೆ. ನನಗೆ ಅವಳ ಮೇಲೂ ಅಸಹ್ಯ ಬಂತು, ಒಳಗೆ ಸೇರಿದೆನಲ್ಲ ಅಂತ ಖುಷಿಪಟ್ಟ ನನ್ನ ಮೇಲೂ ಬಂತು.

ನಿನ್ನೆ ಕಣ ತೆಗೆದರು. ಎರಡು ತೋಳಿಗೂ ಸೂಜಿ, ನಡುವೆ ಯಂತ್ರ, ನಾಲ್ಕು ಗಂಟೆ. ಕೊನೆಗೆ ಒಂದು ಚೀಲದಲ್ಲಿ ಕೆಸರು ಬಣ್ಣದ್ದೇನೋ ತುಂಬಿತು. ಪ್ರಯೋಗಾಲಯದವರಲ್ಲಿ ಒಬ್ಬಾತ ಅದನ್ನು ಮಗುವಿನ ಹಾಗೆ ಎತ್ತಿಕೊಂಡು ಹೋದ. ಒಂದು ತಿಂಗಳು ಬೇಕಂತೆ ಅದಕ್ಕೆ ಬುದ್ಧಿ ಕಲಿಸಲು. ನನಗೆ ಐವತ್ತಮೂರು ವರ್ಷದಲ್ಲಿ ಬರದದ್ದು.

ದೊಡ್ಡ ಡಾಕ್ಟರು ಮುಖ ನೋಡಿ ಮಾತಾಡುವವರು, ಅಷ್ಟು ಮಟ್ಟಿಗೆ ಪರವಾಗಿಲ್ಲ. “ಇದರಿಂದ ವಾಸಿ ಆಗುತ್ತೆ ಅಂತ ನಾನು ಹೇಳಲ್ಲ. ಆಗುತ್ತಾ ಅಂತ ನೋಡೋಕೇ ಈ ಪರೀಕ್ಷೆ. ಜ್ವರ ಬರಬಹುದು. ಕೆಲವರಿಗೆ ಒಂದು ವಾರದ ಹೊತ್ತಿಗೆ ಮಿದುಳಿಗೂ ಏಟು ಬೀಳುತ್ತೆ, ಬೇಗ ಹಿಡಿದ್ರೆ ಸರಿಹೋಗುತ್ತೆ” ಅಂದರು. ಬೇಗ ಹಿಡಿಯದಿದ್ದರೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬುದ್ಧಿ ಕಲಿಯಲು ಕಳಿಸಿ ಕೂತಿರುವ,
ಅಕ್ಕ


ಮಾರ್ಚ್ ೧೧

ಬೋರ್ಡು,

ನಿನ್ನೆ ಹಾಕಿದರು. ಮೂರು ದಿನ ಮುಂಚೆಯೇ ವಿಷದಂಥ ಔಷಧಿ ಕೊಟ್ಟು, ಒಳಗಿದ್ದ ಹಳೆಯ ಕಣಗಳನ್ನೆಲ್ಲ ಒಕ್ಕಲೆಬ್ಬಿಸಿದ್ದರು. ಇನ್ನೆರಡು ವಾರಕ್ಕೆ ಕೂದಲು ದಿಂಬಿನ ಮೇಲಿರುತ್ತದಂತೆ. ಆಮೇಲೆ ಥಂಡಿ ಹೊಗೆಯಾಡುವ ಪೆಟ್ಟಿಗೆಯಿಂದ ಹೆಪ್ಪುಗಟ್ಟಿದ ಅಂಗೈಯಷ್ಟು ಚೀಲ ತೆಗೆದು, ಬೆಚ್ಚನೆ ನೀರಲ್ಲಿ ಕರಗಿಸಿ, ಹತ್ತು ನಿಮಿಷದಲ್ಲಿ ಹರಿಸಿ ಮುಗಿಸಿದರು. ಇಷ್ಟೇನಾ ಅನ್ನಿಸಿತು. ಆಮೇಲೆ ಶುರುವಾಯಿತು ನಾತ. ಕಣ ಕೆಡದಿರಲಿ ಅಂತ ಬೆರೆಸಿದ್ದ ಏನೋ ನನ್ನ ಉಸಿರಿನಿಂದಲೇ ಹೊರಗೆ ಬರುತ್ತದೆ, ಕೊಳೆತ ಜೋಳ ಬೇಯಿಸಿದ ವಾಸನೆ. ನನ್ನದೇ ಬಾಯಿ, ಓಡಿಹೋಗುವುದಾದರೂ ಎಲ್ಲಿಗೆ? ಎರಡು ಸಲ ವಾಂತಿಯಾಯಿತು.

ಕೋಣೆಯ ಗೋಡೆಗೆ ಹಸಿರು ಬಳಿದಿದ್ದಾರೆ, ಮನಸ್ಸಿಗೆ ಹಿತ ಅಂತ. ಪಾಚಿ ಕಟ್ಟಿದ ತೊಟ್ಟಿಯೊಳಗೆ ಮಲಗಿದ ಹಾಗಿದೆ. ಊಟ ಬಡಿಸುವ ತಟ್ಟೆಗೆ ಮುಚ್ಚಳ, ತೆಗೆಯದಿರುವುದೇ ಮೇಲು.

ಇದನ್ನೆಲ್ಲ ಸಹಿಸಬಹುದು. ದಿನಾ ಬೆಳಿಗ್ಗೆ ಸಣ್ಣ ಸಿಸ್ಟರ್ ಬಂದು ನಡೆಸುವ ಶಿಶುವಿಹಾರ ಮಾತ್ರ ಸಹಿಸಲಾರೆ. ದೊಡ್ಡ ಸಿಸ್ಟರ್ ಒಬ್ಬರಿದ್ದಾರೆ, ಅದಕ್ಕೆ ಇವಳು ಸಣ್ಣ ಸಿಸ್ಟರ್. ಇಪ್ಪತ್ತೈದು ಇರಬಹುದು, ಎಂಟು ಕೋಣೆ ನೋಡಬೇಕು, ಯಾವಾಗಲೂ ಅರ್ಧ ಓಟ. “ಇದು ಯಾವ ಊರು ಮೇಡಂ? ಇದೇನು ಹೇಳಿ? ಪೆನ್ನು. ಇದು? ವಾಚು. ನೂರರಿಂದ ಹತ್ತತ್ತು ಕಳೀತಾ ಬನ್ನಿ.” ಮಿದುಳಿಗೆ ಏಟು ಬಿತ್ತಾ ಅಂತ ತಿಳಿಯಲು ಇದು. ನಾನು “ನಿನ್ನೆ ಪೆನ್ನಾಗಿದ್ದದ್ದು ಇವತ್ತು ಪೊರಕೆ ಆಗುತ್ತೇನಮ್ಮಾ?” ಅಂದೆ. ಪಾಪ, ನಕ್ಕಳು.

ಕೊನೆಗೆ ಒಂದು ವಾಕ್ಯ ಬರೆಯಬೇಕು. ದಿನಾ ಅದೇ ವಾಕ್ಯ, ಹತ್ತು ದಿನ. ಕೈ ಮೊದಲು ತಪ್ಪುತ್ತದೆ, ಬಾಯಿ ಆಮೇಲೆ ತಪ್ಪುತ್ತದೆ ಅಂತೆ. ವಾಕ್ಯ ನಾನೇ ಆರಿಸಬಹುದು ಅಂದಳು. ಆರಿಸಿದೆ. “ನನಗೆ ಏನೂ ಆಗಿಲ್ಲ. ನನ್ನನ್ನು ಸುಮ್ಮನೆ ಬಿಡಿ.” ಅದು ಎರಡು ವಾಕ್ಯವಾಯಿತು ಮೇಡಂ ಅಂದಳು. ಒಂದೇ ಉಸಿರಿಗೆ ಹೇಳಿದರೆ ಒಂದೇ ಅಂದೆ.

ಹಾಳೆಗಳು ಒಂದು ಕಟ್ಟಾಗಿ ನನ್ನ ಮಂಚದ ಪಕ್ಕದ ಡ್ರಾಯರಿನಲ್ಲೇ ಇವೆ, ತಾರೀಕು ಅಚ್ಚಾಗಿ ಬಂದಿದೆ. ಶಾಲೆಯಲ್ಲಿ ತಪ್ಪು ಮಾಡಿದವರಿಗೆ ಹೀಗೇ ಬರೆಸುತ್ತಿದ್ದರು. ನಾನು ಏನು ಮಾಡಿದೆ ಗೊತ್ತಾ? ಮಾತ್ರೆಯ ಕಸುವಿರುವಾಗಲೇ ಹತ್ತೂ ದಿನದ್ದನ್ನು ಒಂದೇ ಕೂತಲ್ಲಿ ಬರೆದು ಮುಗಿಸಿದೆ. ಮುಂಚಿತವಾಗಿ ಹೇಳಿಡುವುದು ನಮ್ಮ ಕಸುಬು. ಬೆಳಿಗ್ಗೆ ಅವಳು ಬಂದ ಕೂಡಲೇ ಒಂದು ಹಾಳೆ ಕೈಗಿಡುತ್ತೇನೆ, ಅವಳಿಗೂ ಎರಡು ನಿಮಿಷ ಉಳಿಯುತ್ತದೆ. ಇವತ್ತು ಮೊದಲನೆಯದನ್ನು ಕೊಟ್ಟೆ. “ಆಗಲೇ ಬರೆದ್ಬಿಟ್ರಾ? ಎಷ್ಟು ಮುದ್ದಾಗಿದೆ ಅಕ್ಷರ!” ಅಂದುಕೊಂಡು ಕೆಳಗೆ ಸಹಿ ಹಾಕಿ ಓಡಿದಳು.

ನಾರುತ್ತಿರುವ,
ಅಕ್ಕ


ಮಾರ್ಚ್ ೧೩

ಅಕ್ಕಾ,

ಏಣಿಯ ಮೇಲೆ ಕೂತು ನಿನ್ನ ಕಾಗದ ಓದಿ ನಕ್ಕು ನಕ್ಕು ಬಣ್ಣದ ಡಬ್ಬಿ ಕೆಡವಿದೆ. ಭೇಷ್! ಡಾಕ್ಟರಿಗೇ ಟೋಪಿ ಹಾಕಿದೆಯಲ್ಲ. ಹಳೆಯ ಮೈಕಮ್ಮ ಇನ್ನೂ ಇದ್ದಾಳೆ ಅಂತಾಯಿತು. ಉಳಿದ ಹಾಳೆಗಳನ್ನು ಯಾರಿಗೂ ಕಾಣದ ಹಾಗೆ ಇಟ್ಟುಕೋ.

ಹಸಿರು ಬಳಿದವನು ಯಾರೋ ದಡ್ಡ. ಆ ಹಸಿರಿಗೆ ಒಂದು ಚಮಚ ಹಳದಿ ಬೆರೆಸಿದ್ದರೆ ಬದುಕುತ್ತಿತ್ತು.

ನಗುತ್ತಿರುವ ತಮ್ಮ


ಮಾರ್ಚ್ ೧೬

ತಮ್ಮಾ,

ನೀನು ಹೇಗಿದ್ದೀಯ. ನಾನು ಚೆನ್ನಾಗಿದ್ದೇನೆ. ಇಲ್ಲಿ ಎಲ್ಲ ಚೆನ್ನಾಗಿದೆ. ಗೋಡೆ ಚೆನ್ನಾಗಿದೆ. ಎಲ್ಲರೂ ಒಳ್ಳೆಯವರು. ಊಟ ಚೆನ್ನಾಗಿದೆ. ನೀರು ಕುಡಿಯುವ ಆ, ಕೈಯಲ್ಲಿ ಹಿಡಿಯುವ ಬಿಳಿ, ಅದೂ ಚೆನ್ನಾಗಿದೆ.

ಅಮ್ಮ ಬಂದು ಹೊತ್ತಾಯಿತು ಅಂದಳು. ಹೊರಡುವ ಬಸ್ಸು ಹೊರಡುವ ಹೊರಡುವ ಬಸ್ಸು ಹೊರಟಿದೆ. ಪ್ರಯಾಣಿಕರು ಪ್ರಯಾಣಿಕರು ಒಳ್ಳೆಯವರು

ತುಂಬ ಚೆನ್ನಾಗಿ

ನಿನ್ನ ನಿನ್ನ


ಏಪ್ರಿಲ್ ೩

ಬೋರ್ಡು,

ನಿನ್ನೆ ಮನೆಗೆ ಬಂದೆ. ಹದಿನೈದರಿಂದ ಇಪ್ಪತ್ತೆರಡನೇ ತಾರೀಕಿನವರೆಗೆ ನನ್ನ ತಲೆಯಲ್ಲಿ ಏನೂ ಇಲ್ಲ, ಒರೆಸಿ ಹಾಕಿದ ಹಾಗಿದೆ. ಕೇಳಿದರೆ ಎಲ್ಲರೂ “ಈಗ ಹುಷಾರಾಗಿದ್ದೀರಲ್ಲ, ಬಿಡಿ” ಅಂತ ಬೆಣ್ಣೆ ಹಚ್ಚುತ್ತಾರೆ. ನೀನು ಬಂದಿದ್ದೆ ಅಂದರು. ಎಷ್ಟು ದಿನ ಇದ್ದೆ? ನಾನು ಎಚ್ಚರಾಗುವಷ್ಟರಲ್ಲಿ ಯಾಕೆ ಹೋದೆ?

ಸಣ್ಣ ಸಿಸ್ಟರ್ ಕಾಣಲಿಲ್ಲ. ಅವಳ ಜಾಗಕ್ಕೆ ಇನ್ಯಾರೋ ಗಂಟು ಮುಖದವಳು. ದೊಡ್ಡ ಸಿಸ್ಟರನ್ನು ಕೇಳಿದೆ, ದಿಂಬು ಸರಿಮಾಡಿ ಹೊರಟುಹೋದರು.

ಮೈಯಲ್ಲಿ ಬದಲಾವಣೆ ಇದೆಯೋ ಇಲ್ಲವೋ ಹೇಳಲಾರೆ. ಹೇಳಿದರೆ ಓಡಿಹೋದೀತು. ಇವತ್ತು ಸಾಯಂಕಾಲ ಆರಕ್ಕೂ ರೆಪ್ಪೆ ತೆರೆದೇ ಇದ್ದವು, ಅಷ್ಟೇ. ಮನೆಯೆಲ್ಲ ಮುಗ್ಗಲು ವಾಸನೆ, ತೊಟ್ಟಿಯಲ್ಲಿ ಜಿರಳೆ ಸತ್ತಿದೆ. ಅದನ್ನು ಎತ್ತಿ ಹಾಕಲು ಬಗ್ಗಿದೆ, ಎದ್ದೆ.

ನಡೆದದ್ದನ್ನು ನಡೆದ ಹಾಗೆ ಬರಿ.

ಅಕ್ಕ


ಏಪ್ರಿಲ್ ೭

ಅಕ್ಕಾ,

ನಿನ್ನ ಹದಿನಾರನೇ ತಾರೀಕಿನ ಕಾಗದ ಹದಿನೆಂಟರ ಬೆಳಿಗ್ಗೆ ಬಂತು. ಲಕೋಟೆಯ ಮೇಲೆ ವಿಳಾಸ ಬೇರೆ ಯಾರೋ ಬರೆದಿದ್ದರು. ಒಳಗಿನ ಸಾಲುಗಳು ಮೇಲಕ್ಕೇರಿ ಅಂಚಿನಿಂದ ಹೊರಗೆ ಹೋಗಿದ್ದವು. ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಯ ಮೇಲೆ ಕೂತಿದ್ದವು. ಆದರೂ ಜ್ವರವಿರಬೇಕು, ಅದಕ್ಕೇ ಕೈ ನಡುಗಿದೆ ಅಂದುಕೊಂಡೆ. ಆಮೇಲೆ ಓದಿದೆ. ಅಕ್ಕಾ, ಅದರಲ್ಲಿ ನೀನು ಯಾವುದನ್ನೂ ಬೈದಿರಲಿಲ್ಲ. ಗೋಡೆ ಚೆನ್ನಾಗಿದೆ ಅಂತ ಬರೆದಿದ್ದೆ. ನನ್ನನ್ನು ತಮ್ಮಾ ಅಂದಿದ್ದೆ.

ವಾರ್ಡಿಗೆ ಫೋನ್ ಮಾಡಿದೆ. “ಚೆನ್ನಾಗಿದ್ದಾರೆ ಸರ್. ಸ್ವಲ್ಪ ಮಂಕಾಗಿದ್ದಾರೆ, ಪ್ರಶ್ನೆ ಕೇಳಿದ್ರೆ ಉತ್ತರ ಕೊಡಲ್ಲ. ಅದು ಮೊದಲಿಂದಲೂ ಹಾಗೇ ಅಲ್ವಾ? ಇವತ್ತಿನ ಹಾಳೆ ನೋಡಿದೆ, ಬರವಣಿಗೆ ನೀಟಾಗಿದೆ” ಅಂದರು. ಅದನ್ನು ನೀನು ಯಾವತ್ತು ಬರೆದದ್ದು ಅಂತ ನನಗೆ ಗೊತ್ತಿತ್ತು. ಅಲ್ಲೇ, ಫೋನಿನಲ್ಲೇ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಸುಳ್ಳು ಬಯಲಾದರೆ ನಿನ್ನನ್ನು ಹೊರಗೆ ಹಾಕುತ್ತಾರೆ ಅನ್ನುವ ಹೆದರಿಕೆ. ಬಸ್ ಹತ್ತಿದೆ. ಮೂರು ಗಂಟೆಯ ದಾರಿ, ಅಷ್ಟೂ ಹೊತ್ತು ಬಾಯಿ ಮುಚ್ಚಿಕೊಂಡೇ ಕೂತಿದ್ದೆ.

ಕೋಣೆಗೆ ಬಂದಾಗ ನೀನು ಕೂತಿದ್ದೆ. ಕಣ್ಣು ತೆರೆದಿತ್ತು. “ಅಕ್ಕಾ” ಅಂದೆ. ನೀನು ನನ್ನ ಹಿಂದಿನ ಗೋಡೆ ನೋಡಿದೆ. ಇನ್ನೊಂದು ಸಲ ಕರೆದೆ. ನೀನು ಮೆಲ್ಲಗೆ ಡ್ರಾಯರ್ ಎಳೆದು, ಒಂದು ಹಾಳೆ ತೆಗೆದು ನನ್ನ ಕೈಗೆ ಕೊಟ್ಟೆ. ನಾಳೆಯ ತಾರೀಕು. ದುಂಡಗಿನ ಅಕ್ಷರ. ‘ನನಗೆ ಏನೂ ಆಗಿಲ್ಲ. ನನ್ನನ್ನು ಸುಮ್ಮನೆ ಬಿಡಿ.’

ನಾನು ಕಾರಿಡಾರಿನಲ್ಲಿ ನಿಂತು ಅರಚಿದೆ. ದೊಡ್ಡ ಡಾಕ್ಟರು ಬಂದರು. ನಿನ್ನ ಕಾಗದ ತೋರಿಸಿದೆ. ಕೈ ಎತ್ತಿ ಅಂದರು, ನೀನು ಎತ್ತಲಿಲ್ಲ. ಪೆನ್ನು ತೋರಿಸಿದರು, ನೀನು ನಕ್ಕೆ. ಆಮೇಲೆ ಎಲ್ಲರೂ ಓಡಿದರು. ರಾತ್ರಿ ಫಿಟ್ಸ್ ಬಂತು, ತೀವ್ರ ನಿಗಾ ಕೋಣೆಗೆ ಹಾಕಿದರು. “ಇನ್ನೊಂದು ದಿನ ಕಳೆದಿದ್ರೆ ಕಷ್ಟ ಇತ್ತು” ಅಂದರು ಡಾಕ್ಟರು. ಮೂರು ವರ್ಷದ ಹಿಂದೆ ಎಲ್ಲರೂ ನಿನಗೆ ಕಾಯಿಲೆ ಅಂದಾಗ ನಾನೊಬ್ಬ ನಾಟಕ ಅಂದಿದ್ದೆ. ಈ ಸಲ ಎಲ್ಲರೂ ಚೆನ್ನಾಗಿದ್ದಾಳೆ ಅಂದರು.

ಸಣ್ಣ ಸಿಸ್ಟರ್ ಕಾಣಲಿಲ್ಲ ಅಂದೆಯಲ್ಲ. ಹದಿನಾರು, ಹದಿನೇಳು, ಹದಿನೆಂಟರ ಹಾಳೆಗಳ ಕೆಳಗೆ ‘ನನ್ನೆದುರು ಬರೆದರು’ ಅಂತ ಅವಳ ಸಹಿ ಇತ್ತು. ಆ ದಿನಗಳಲ್ಲಿ ನೀನು ಅಷ್ಟು ಚೆನ್ನಾಗಿ ಬರೆಯುವುದು ಸಾಧ್ಯವೇ ಇಲ್ಲ ಅಂತ ಗೊತ್ತಾಯಿತಲ್ಲ. ಅವಳೇ ಕೂತು ಬರೆದು ತುಂಬಿಸಿದ್ದಾಳೆ ಅಂತ ತೀರ್ಮಾನ ಮಾಡಿದ್ದಾರೆ. “ಅವರೇ ಕೊಟ್ರು, ಅವರೇ ಕೊಟ್ರು” ಅಂತ ಅಳುತ್ತಿದ್ದಳು. ಕೆಲಸದಿಂದ ದೂರ ಇಟ್ಟು ವಿಚಾರಣೆ ಅಂದಿದ್ದಾರೆ.

ಉಳಿದ ಎರಡು ಹಾಳೆ ನನ್ನ ಜೇಬಿನಲ್ಲಿದ್ದವು. ಈಗಲೂ ನನ್ನ ಹತ್ತಿರವೇ ಇವೆ. ನಾನು ಬಾಯಿ ಬಿಡಲಿಲ್ಲ. ನೀನು ಎದ್ದರೆ ನಿನ್ನ ಮುಖ ನೋಡಬೇಕಾಗುತ್ತದೆ ಅಂತ, ನಿನಗೆ ಬುದ್ಧಿ ಮರಳುವ ದಿನವೇ ಹೊರಟುಬಿಟ್ಟೆ.

ಸುಮ್ಮನಿದ್ದುಬಿಡು ಅಕ್ಕ. ಪರೀಕ್ಷೆ ಮುಗಿಯುವವರೆಗೆ, ಇನ್ನೂ ಎರಡು ವರ್ಷ, ನಿನ್ನನ್ನು ನೋಡಿಕೊಳ್ಳಬೇಕಾದವರು ಅವರೇ. ಸಣ್ಣ ಸಿಸ್ಟರ್ ಇನ್ನೂ ಚಿಕ್ಕವಳು, ಬೇರೆ ಕಡೆ ಕೆಲಸ ಸಿಗುತ್ತದೆ.

ತಮ್ಮ


ಏಪ್ರಿಲ್ ೧೦

ಬೋರ್ಡು,

ನಿನ್ನ ಕಾಗದದ ಕೊನೆಯ ಸಾಲು ಓದಿದೆ. ಕೊಳೆತ ಜೋಳದ ವಾಸನೆ ಇದರ ಮುಂದೆ ಏನೂ ಅಲ್ಲ. ಬೇರೆ ಕಡೆ ಕೆಲಸ ಸಿಗುತ್ತದಂತೆ! ರೋಗಿಯ ಹಾಳೆಯನ್ನು ತಾನೇ ಬರೆದಳು ಅಂತ ಹಣೆಗೆ ಅಂಟಿಸಿ ಕಳಿಸಿದವಳನ್ನು ಯಾವ ಆಸ್ಪತ್ರೆಯವರು ಒಳಗೆ ಬಿಟ್ಟುಕೊಳ್ಳುತ್ತಾರೋ? ಬೋರ್ಡು ಬರೆಯುವವನು ನೀನು. ಒಂದು ಸಲ ಬರೆದದ್ದನ್ನು ಅಳಿಸುವುದು ಎಷ್ಟು ಕಷ್ಟ ಅಂತ ನಿನಗೆ ನಾನು ಹೇಳಬೇಕಾ?

ನಿನ್ನನ್ನು ಬೈದು ಏನು ಬಂತು. ನನ್ನ ಮೇಲೆ ನನಗೆ ಎಷ್ಟು ಹೇಸಿಗೆಯಾಗಿದೆ ಅಂದರೆ ನಿನ್ನೆಯಿಂದ ಕನ್ನಡಿಯ ಮುಂದೆ ನಿಂತಿಲ್ಲ. ಎಂಟು ಕೋಣೆ ಓಡಾಡುವ ಆ ಮಗು ನನ್ನ ಅಕ್ಷರ ನೋಡಿ ಮುದ್ದಾಗಿದೆ ಅಂದಳು. ಪ್ರಶ್ನೆ ಕೇಳಿದಾಗಲೆಲ್ಲ ನಾನು ಕೊಂಕು ಆಡಿ ಆಡಿ, ಕೊನೆಗೆ ಉತ್ತರ ಬಾರದಿದ್ದಾಗ ಅದೂ ಕೊಂಕೇ ಅಂದುಕೊಂಡಳು. ನೋಡದೆ ಸಹಿ ಹಾಕಿದ್ದು ಅವಳ ತಪ್ಪು, ಹೌದು. ನೋಡಬೇಡ ಅಂತ ಕಲಿಸಿದವಳು ನಾನು.

ಇನ್ನೊಂದು ಯೋಚಿಸಿದೆಯಾ? ನನ್ನ ಹಿಂದೆ ಹತ್ತು, ಹನ್ನೊಂದು, ಹನ್ನೆರಡು ಇದ್ದಾರೆ. ಒಂಬತ್ತಕ್ಕೆ ಎಂಟನೇ ದಿನದವರೆಗೂ ಕೈಬರಹ ಕೆಡಲಿಲ್ಲ, ಆದ್ದರಿಂದ ಈ ಹಾಳೆಯಿಂದ ಏನೂ ತಿಳಿಯುವುದಿಲ್ಲ ಅಂತ ಯಾರಾದರೂ ಬರೆದುಬಿಟ್ಟರೆ? ಅವರಿಗೆ ಕಾಗದ ಓದಿ ಬೆಚ್ಚಿಬೀಳುವ ತಮ್ಮ ಇಲ್ಲದಿದ್ದರೆ?

ಎರಡು ಹಾಳೆ ಕಳಿಸು. ಹಾಕಿದರೆ ಹೊರಗೆ ಹಾಕಲಿ.

ಅಕ್ಕ


ಏಪ್ರಿಲ್ ೧೩

ಅಕ್ಕಾ,

ಜೊತೆಗಿವೆ. ಮಡಿಸಿದ ಗೆರೆ ಬಿದ್ದಿದೆ, ಜೇಬಿನಲ್ಲಿತ್ತಲ್ಲ. ನಿನ್ನ ಮಾರ್ಚ್ ಹನ್ನೊಂದರ ಕಾಗದವನ್ನೂ ಇಟ್ಟಿದ್ದೇನೆ, ಹತ್ತೂ ಹಾಳೆ ಒಂದೇ ಕೂತಲ್ಲಿ ಬರೆದೆ ಅಂತ ನೀನು ಜಂಬ ಕೊಚ್ಚಿದ್ದು. ಅದರ ಕೆಳಗೆ ‘ಇದನ್ನು ಓದಿ ನಾನು ನಕ್ಕೆ, ಯಾರಿಗೂ ಹೇಳಲಿಲ್ಲ’ ಅಂತ ಬರೆದು ಸಹಿ ಹಾಕಿದ್ದೇನೆ. ಒಂದೇ ಕಡೆ.

ನಿನ್ನನ್ನು ಹೊರಗೆ ಹಾಕಿದರೆ ನನ್ನ ಮನೆಯಲ್ಲಿ ಮುಂದಿನ ಕೋಣೆ ಇದೆ. ಟರ್ಪೆಂಟೈನ್ ವಾಸನೆ. ಬೈಯಲು ನಿನಗೆ ಅನುಕೂಲ.

ತಮ್ಮ


ಜೂನ್ ೨೨

ಬೋರ್ಡು,

ಎರಡು ತಿಂಗಳು ನಿನ್ನನ್ನು ಕಾಯಿಸಿದೆ. ಮುಗಿಯುವವರೆಗೆ ಬರೆಯಬಾರದು ಅಂದುಕೊಂಡಿದ್ದೆ.

ಹಾಳೆಗಳನ್ನು ದೊಡ್ಡ ಡಾಕ್ಟರ ಮೇಜಿನ ಮೇಲಿಟ್ಟ ದಿನ ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. “ನೀವು ಸಾಯ್ತಿದ್ರಿ, ಗೊತ್ತಾ?” ಅಂದರು. ಗೊತ್ತು ಅಂದೆ. “ನಿಮ್ಮ ಜೊತೆ ಈ ಪರೀಕ್ಷೇನೂ ಸಾಯ್ತಿತ್ತು” ಅಂದರು. ಅದು ನನಗೆ ಹೊಳೆದಿರಲಿಲ್ಲ. ಆಮೇಲೆ ಸಮಿತಿ ಕರೆಸಿತು. ಉದ್ದ ಮೇಜು, ಐದು ಜನ, ಎಲ್ಲರ ಮುಂದೆಯೂ ನನ್ನ ಹಾಳೆಯ ಪ್ರತಿ. ಬರೆದುಕೊಟ್ಟರೆ ಸಾಕು, ಮಾತಾಡಿ ಆಯಾಸ ಮಾಡಿಕೊಳ್ಳಬೇಡಿ ಅಂದರು. ಬರೆದದ್ದನ್ನು ನಂಬಿಯೇ ಇಷ್ಟಾದದ್ದು, ಬಾಯಲ್ಲೇ ಹೇಳುತ್ತೇನೆ ಅಂದೆ.

ಹನ್ನೊಂದು ನಿಮಿಷ ಮಾತಾಡಿದೆ ಕಣೋ. ಯಾವ ತಾರೀಕು, ಎಷ್ಟು ಗಂಟೆಗೆ, ಎಷ್ಟು ಹಾಳೆ, ಯಾರಿಗೆ ಏನು ಹೇಳಿದೆ, ಎಲ್ಲ. ನಡುವೆ ಒಬ್ಬರು ನೀರು ಮುಂದಿಟ್ಟರು, ಕುಡಿದೆ. ಹೋಗಬೇಕಾದ ದಾರಿಯಲ್ಲೇ ಹೋಯಿತು. ಕೂತ ಮೇಲೆ ನನಗೆ ಹೊಳೆಯಿತು, ದನಿ ಮೂಗಿಗೇರಿರಲಿಲ್ಲ. ಹಿಂದಿನ ಗೋಡೆಗೆ ತಟ್ಟಿ ವಾಪಸ್ಸು ಬರುತ್ತಿತ್ತು. ಮೂರು ವರ್ಷದ ಮೇಲೆ ಬಂದ ದನಿ, ಅದರಲ್ಲಿ ಮೊದಲು ಕೂಗಿದ್ದು ನನ್ನ ಕಳ್ಳತನವನ್ನು.

ಹೊರಗೆ ಹಾಕಲಿಲ್ಲ. ಆ ಎಂಟು ದಿನದ ಬರವಣಿಗೆಯನ್ನು ಕೆಂಪು ಗೆರೆ ಎಳೆದು ಹೊಡೆದುಹಾಕಿದರು, ಪಕ್ಕದಲ್ಲಿ ಕಾರಣ ಬರೆದರು. ಇನ್ನು ಮುಂದೆ ಹಾಳೆ ರೋಗಿಯ ಹತ್ತಿರ ಇರುವುದಿಲ್ಲ, ಸಿಸ್ಟರ್ ತರಬೇಕು, ವಾಕ್ಯ ಪೂರ್ತಿಯಾಗುವವರೆಗೆ ನಿಂತು ನೋಡಿ ವೇಳೆ ಹಾಕಬೇಕು. ಒಬ್ಬ ಸಿಸ್ಟರಿಗೆ ಎಂಟು ಕೋಣೆಯ ಬದಲು ನಾಲ್ಕು. ಇದಕ್ಕೆ ವಾರ್ಡಿನಲ್ಲಿ ‘ಒಂಬತ್ತರ ನಿಯಮ’ ಅನ್ನುತ್ತಾರಂತೆ. ಛೀ, ನನ್ನ ಸಾಧನೆ ನೋಡು.

ಸಣ್ಣ ಸಿಸ್ಟರನ್ನು ವಾಪಸ್ಸು ತೆಗೆದುಕೊಂಡರು. ನೋಡದೆ ಸಹಿ ಹಾಕಿದ್ದಕ್ಕೆ ಎಚ್ಚರಿಕೆಯ ಪತ್ರ ಅವಳ ಕಡತದಲ್ಲಿ ಉಳಿಯಿತು, ಅದನ್ನು ನನ್ನಿಂದ ಅಳಿಸಲು ಆಗಲಿಲ್ಲ. ಇವತ್ತು ಮೂರು ತಿಂಗಳ ತಪಾಸಣೆ ಇತ್ತು. ಕೈ ಚಾಚಿದೆ, ನಾಲ್ಕು ನಿಮಿಷ ಬೀಳಲಿಲ್ಲ. ಐವತ್ತರವರೆಗೆ ಎಣಿಸಿದೆ. ಹತ್ತನೆಯವರು ಹೊರಗೆ ಬೆಂಚಿನ ಮೇಲೆ ಕೂತಿದ್ದರು, ಅವರಿಗೆ ಏನೂ ಗುಣ ಕಂಡಿಲ್ಲ. ನನ್ನ ಎಣಿಕೆ ಅವರಿಗೆ ಕೇಳಿಸಿತೋ ಏನೋ, ಹೊರಗೆ ಬಂದಾಗ ಅವರ ಮುಖ ನೋಡಲಾರದೆ ಹೋದೆ. ಇದು ಇಷ್ಟು ದಿನ ನಿಲ್ಲುತ್ತದೆ ಅಂತ ದೊಡ್ಡ ಡಾಕ್ಟರೂ ಹೇಳುವುದಿಲ್ಲ.

ಕೊನೆಗೆ ವಾಕ್ಯ ಬರೆಸಲು ಅವಳೇ ಬಂದಳು. ನಗಲಿಲ್ಲ. ನಾನು ಬಾಯಿ ತೆರೆಯುವ ಮುಂಚೆಯೇ ಹೇಳಿದಳು: “ಸಹಿ ಹಾಕೋ ಮುಂಚೆ ನಾನು ನೋಡ್ಬೇಕಿತ್ತು ಮೇಡಂ. ಅದು ನನ್ ತಪ್ಪು, ಒಪ್ಕೊಂಡಿದ್ದೀನಿ. ನೀವು ನಂಗೆ ಸುಳ್ಳು ಕೊಟ್ರಿ. ಅದು ನಿಮ್ದು. ಅಮ್ಮನಿಗೆ ನಾನೇನು ಹೇಳ್ಬೇಕಿತ್ತು ಆ ಎರಡು ತಿಂಗಳು? ಈಗ ಬರೀರಿ.”

ಕೈಕಟ್ಟಿ ನಿಂತಳು. ನಿಂತಳು ಅಂತ ಬರೆಯುವಾಗ ನೋಡು, ಪೆನ್ನು ಜಾರಿತು. ಹೆದರಬೇಡ, ಮಿದುಳಲ್ಲ, ಕಣ್ಣೀರು ಬಿತ್ತು. ಹಳೆಯ ವಾಕ್ಯ ಬರೆಯಲು ಕೈ ಬರಲಿಲ್ಲ. ಬೇರೆಯದು ಬರೆಯಬಹುದಾ ಅಂದೆ, ತಲೆ ಆಡಿಸಿದಳು. “ಇದನ್ನು ಈಗ, ಸಣ್ಣ ಸಿಸ್ಟರ್ ಎದುರಿಗೆ ಕೂತು ಬರೆದೆ” ಅಂತ ಬರೆದೆ. ಪೂರ್ಣವಿರಾಮ ಇಡುವವರೆಗೂ ಅವಳು ನನ್ನ ಕೈಯಿಂದ ಕಣ್ಣು ತೆಗೆಯಲಿಲ್ಲ. ಓದಿದಳು. ಕೆಳಗೆ ವೇಳೆ ಹಾಕಿ ಸಹಿ ಮಾಡಿ ಹೋದಳು. ಕ್ಷಮಿಸಿದಳು ಅಂತ ನಾನು ಹೇಳುವುದಿಲ್ಲ.

ಸೋಮವಾರದಿಂದ ನಿಲ್ದಾಣಕ್ಕೆ ಹೋಗುತ್ತಿದ್ದೇನೆ, ಸದ್ಯಕ್ಕೆ ದಿನಕ್ಕೆ ಎರಡು ಗಂಟೆ. ಆ ಎರಡು ಗಂಟೆ ರೆಕಾರ್ಡ್ ನಿಲ್ಲಿಸಬೇಕು ಅಂತ ಹಟ ಹಿಡಿದಿದ್ದೇನೆ. ಉಳಿದ ಹೊತ್ತು ಅದೇ ಕೂಗುತ್ತದೆ, ಕೆಳಗಿನಿಂದ ಕೇಳಿದರೆ ಯಾವುದು ನಾನು, ಯಾವುದು ಅದು ಅಂತ ನಿನಗೂ ತಿಳಿಯುವುದಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ಇನ್ನೊಂದು ಸಲ ಅಲ್ಲಿ ಬಸ್ ಬದಲಿಸುವಾಗ ನನ್ನ ದನಿ ಕೇಳಿದರೆ, ಚೆನ್ನಾಗಿದ್ದಾಳೆ ಅಂದುಕೊಂಡು ಹಾಗೇ ಹೋಗಬೇಡ. ಮೆಟ್ಟಿಲು ಹತ್ತಿ ಬಂದು ನೋಡು.

ಅಕ್ಕ